ವಾಪಸಾದ ಸೀರೆ

ಕಂತು ಕಟ್ಟುವವರೇ ಇಲ್ಲದ ಮನೆಯಲ್ಲಿ ಇನ್ಶೂರೆನ್ಸ್ ಏಜೆಂಟನಿಗೆ ಏನು ಕೆಲಸ? ಮಾರಿಕುಪ್ಪಂನ ಗಣಿ ಕಾರ್ಮಿಕರ ಲೈನಿನ ಹೆಂಗಸರು ಇದನ್ನು ತಮ್ಮತಮ್ಮಲ್ಲೇ ಕೇಳಿಕೊಳ್ಳುವ ಮೊದಲೇ ನರಸಮ್ಮ ಕೋದಂಡಪ್ಪನನ್ನೇ ಕೇಳಿದ್ದಳು. ಕೇಳಿದ್ದು ಎಮ್ಮೆಯ ಮರೆಯಲ್ಲಿ ಕೂತು, ಹಾಲು ಕರೆಯುತ್ತಾ, ಮುಖ ತೋರಿಸದೆ.

"ಈ ಮನೇಲಿ ಕಂತು ಕಟ್ಟೋರು ಯಾರೂ ಇಲ್ವಲ್ಲ ಏಜೆಂಟ್ರೇ. ದಾರಿ ತಪ್ಪಿ ಬಂದ್ರಾ?"

ಸೈಕಲ್ ತಳ್ಳಿಕೊಂಡು ಬಂದಿದ್ದ ಕೋದಂಡಪ್ಪ, ಕುಡಿಯಲು ನೀರು ಬೇಕಿತ್ತು ಎಂದ. ನಲ್ಲಿ ಲೈನಿನ ತಲೆಯಲ್ಲೇ ಇದೆಯಲ್ಲ ಎಂದಳು. ಆ ನೀರಿಗೆ ಈ ರುಚಿ ಇಲ್ಲ ಎಂದ. ಅದೂ ಬೇತಮಂಗಲದ ಕೆರೆ ನೀರೇ, ಇದೂ ಬೇತಮಂಗಲದ ಕೆರೆ ನೀರೇ ಎಂದು ಅವಳು ನಕ್ಕಾಗ ಎಮ್ಮೆ ತಿರುಗಿ ನೋಡಿತು. ಅವನೂ ನೋಡಿದ. ಎಮ್ಮೆ ಬೇಗ ಮುಖ ತಿರುಗಿಸಿಕೊಂಡಿತು. ಅವನು ತಿರುಗಿಸಲಿಲ್ಲ.

ಆ ಎಮ್ಮೆ ಬಂದದ್ದೇ ಪಾಲಿಸಿ ಹಣದಲ್ಲಿ. ನರಸಮ್ಮನ ಗಂಡ ಮುನಿಶಾಮಿ ಏರ್‌ಬ್ಲಾಸ್ಟಿಗೆ ಸಿಕ್ಕಿ ಹೋದವನು. ಗಣಿಯ ಆಳದಲ್ಲಿ ಬಂಡೆ ತಾನಾಗಿ ಸಿಡಿಯುವುದಕ್ಕೆ ಅಲ್ಲಿನವರು ಹಾಗೆನ್ನುತ್ತಾರೆ. ಸಾಯುವ ಮುಂಚೆ ಕೋದಂಡಪ್ಪನ ಮಾತು ಕೇಳಿ ಅವನು ಜೀವವಿಮೆ ಮಾಡಿಸಿದ್ದ. ಹಣ ಮಂಜೂರಾದಾಗ ನರಸಮ್ಮನನ್ನೂ ಅವಳ ಅತ್ತೆ ಅಮ್ಮಾಜಮ್ಮನನ್ನೂ ರೈಲಿನಲ್ಲಿ ಬಂಗಾರಪೇಟೆಗೆ ಕರೆದೊಯ್ದು, ಹೆಬ್ಬೆಟ್ಟು ಒತ್ತಿಸಿ, ಹಣ ಕೈಗೆ ಕೊಡಿಸಿದವನು ಕೋದಂಡಪ್ಪನೇ. ಇನ್ನೊಬ್ಬನಾಗಿದ್ದರೆ ಅದರಲ್ಲೂ ಕೈಯಾಡಿಸುತ್ತಿದ್ದ. ಇವನು ಸ್ಟೇಷನ್ನಿನಲ್ಲಿ ಇಬ್ಬರಿಗೂ ಕಾಫಿ ಕುಡಿಸಿದ. ನರಸಮ್ಮ ಕಾಫಿ ಕುಡಿದದ್ದು ಅದೇ ಮೊದಲು. ಕಹಿ ಎಂದು ಮುಖ ಕಿವುಚಿದವಳು ಕೊನೆಯ ಗುಟುಕಿನವರೆಗೂ ಲೋಟ ಕೆಳಗಿಡಲಿಲ್ಲ. ಆ ಮುಖ ಕಣ್ಣಿಗೆ ಕಟ್ಟಿದ ಹಾಗಿದೆ ಎಂದು ಅವನು ಬಹಳ ದಿನಗಳ ಮೇಲೆ ಹೇಳಿದ. ನೋಡೋಕೆ ಬೇರೆ ಏನೂ ಸಿಗಲಿಲ್ಲವೇನೋ ಎಂದು ಅವಳು ಬೈದಳು. ಬೈದು ಒಳಗೆ ಹೋದವಳು, ಕೆಲಸವಿಲ್ಲದಿದ್ದರೂ, ಪಾತ್ರೆ ಸದ್ದು ಮಾಡುತ್ತಾ ನಿಂತಿದ್ದಳು.

ಸಂಬಳದ ಭಾನುವಾರ ಬಂತೆಂದರೆ ಲೈನಿನ ಮನೆಮನೆಯಲ್ಲೂ ಕಂತು ವಸೂಲಿ ಮಾಡಿ, ಕೊನೆಗೆ ಅವನು ಇವಳ ಬಾಗಿಲಿಗೆ ಬರುತ್ತಿದ್ದ. ಅವರ ಜನದಲ್ಲಿ ಗಂಡ ಸತ್ತವಳಿಗೆ ಬದುಕು ಮುಗಿಯಿತೆಂದೇನೂ ಇಲ್ಲ. ಚಪ್ಪರ ಬೇಡ, ಓಲಗ ಬೇಡ. ಕೈಹಿಡಿಯುವವನು ಒಂದು ಸೀರೆ ತರುತ್ತಾನೆ, ಅವಳು ಅದನ್ನು ಉಟ್ಟರೆ ಆಯಿತು. ಸೀರುಡಿಕೆ ಎನ್ನುತ್ತಾರೆ. ಕೋದಂಡಪ್ಪ ಕೆಂಪಂಚಿನ ಹಸಿರು ಸೀರೆ ತಂದು, ನೆಟ್ಟಗೆ ಅಮ್ಮಾಜಮ್ಮನ ಮುಂದೆ ಇಟ್ಟ. ಮುದುಕಿ ಸೆರಗು ಬಾಯಿಗೊತ್ತಿ ಅತ್ತಳು. ಅತ್ತು ಮುಗಿಸಿ ಸೊಸೆಯನ್ನು ಕರೆದಳು.

"ನನ್ ಮಗನ್ನ ಆ ಗಣಿ ಬಾವಿ ನುಂಗ್ತು. ಮ್ಯಾಲೆ ಕೂತ್ಕೊಂಡು ನೀನೂ ಯಾಕೆ ಬಾವಿಗೆ ಬೀಳ್ತೀಯ? ಯುಗಾದಿ ಕಳೀಲಿ, ಉಟ್ಕೋ."

ಆ ರಾತ್ರಿ ನರಸಮ್ಮನಿಗೆ ಸಂತೋಷದಲ್ಲಿ ನಿದ್ದೆ ಬರಲಿಲ್ಲ.

ಸೀರೆ ಕೊಳ್ಳುವಾಗ ಅಂಗಡಿಯಲ್ಲಿ ಮಂಗಮ್ಮ ಇದ್ದದ್ದೇ ಮುಳುವಾಯಿತು. ನರಸಮ್ಮನ ಹತ್ತಿರ ಹಾಲು ಹಾಕಿಸಿಕೊಳ್ಳುವವಳು, ಗಂಡ ಚಿಕ್ಕಮುನಿಯಪ್ಪನ ಹೆಸರಲ್ಲಿ ಪಾಲಿಸಿ ಇದ್ದವಳು. ಒಬ್ಬಳ ಬಾಯಿಗೆ ಬಿದ್ದರೆ ಊರ ಬಾಯಿಗೆ ಬಿದ್ದ ಹಾಗೆ. ಏಜೆಂಟ ಪಾಲಿಸಿ ಬರೆಸುತ್ತಾನೆ, ಗಂಡ ಸಾಯುತ್ತಾನೆ, ಇವನು ಹೆಂಡತಿಗೆ ಸೀರೆ ತರುತ್ತಾನೆ ಎಂದು ಲೈನೆಲ್ಲ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಆಡಿಕೊಂಡಿತು. ಮಂಗಮ್ಮ ಜಗಳಕ್ಕೇನೂ ಬರಲಿಲ್ಲ, ಅಳುಮುಖ ಹೊತ್ತು ಬಂದಳು.

"ನಿನ್ ಮ್ಯಾಲೆ ಕ್ವಾಪ ಇಲ್ಲ ಕಣಕ್ಕಾ. ನಮ್ಮೆಜಮಾನ್ರು ದಿನಾ ಕೆಳಗಿಳೀತಾರೆ. ಅವ್ರು ಸಾಯೋದ್ನ ಇನ್ನೊಬ್ಬ ಕಾಯ್ತಾ ಕುಂತಿರೋದು ಬ್ಯಾಡ."

ಮುಂದಿನ ಸಂಬಳದ ಭಾನುವಾರ ಅರ್ಧ ಮನೆಗಳು ಕೋದಂಡಪ್ಪನಿಗೆ ಬಾಗಿಲು ತೆಗೆಯಲಿಲ್ಲ. ಪಾಲಿಸಿ ಮಾಡಿಸಿದ ಕೂಡಲೇ ಕಂಪನಿ ವರ್ಷದ ಕಮಿಷನ್ ಮುಂಗಡ ಕೊಡುತ್ತಿತ್ತು. ಕಂತು ನಿಂತು ಅವಧಿಗೆ ಮುಂಚೆ ಪಾಲಿಸಿ ರದ್ದಾದರೆ ಅಷ್ಟನ್ನೂ ಏಜೆಂಟನಿಂದಲೇ ವಸೂಲು ಮಾಡುತ್ತಿತ್ತು. ಆ ಮುಂಗಡದ ದುಡ್ಡಲ್ಲಿ ಅವನು ಕ್ಯಾಸಂಬಳ್ಳಿಯಲ್ಲಿ ತಂಗಿಯ ಮದುವೆ ಮಾಡಿದ್ದ. ಉಂಡ ಮದುವೆಯೂಟವನ್ನು ಈಗ ಕಕ್ಕು ಎಂದರೆ ಎಲ್ಲಿಂದ ಕಕ್ಕಬೇಕು? ಇದನ್ನೂ ಅವನು ನಗುನಗುತ್ತಲೇ ಹೇಳಿದ. ನರಸಮ್ಮ ಎಮ್ಮೆ ಮಾರೋಣ ಎಂದಳು. ಮುನಿಶಾಮಿಯ ಪ್ರಾಣದ ಬೆಲೆಯಲ್ಲಿ ನನ್ನ ಬಾಕಿ ತೀರಿಸಬೇಡ ಎಂದು ಅವನು ಒಪ್ಪಲಿಲ್ಲ. ಆಮೇಲೆ, ಏನೂ ದೊಡ್ಡ ವಿಷಯವಲ್ಲವೆಂಬಂತೆ, ಅಂದ:

"ಗಣೀಲಿ ಆಳು ತಗೋತಾವ್ರೆ. ಒಂದೆರಡು ವರ್ಷ ಕೆಳಗಿಳಿದ್ರೆ ಬಾಕಿ ತೀರ್ತದೆ. ನೀನು ಸೀರೆ ಉಟ್ಕೋ."

ಏರ್‌ಬ್ಲಾಸ್ಟಿನ ದಿನ ಸತ್ತವರನ್ನು ಮೇಲೆ ತರುವವರೆಗೆ ಗಣಿಯ ಗೇಟಿನಲ್ಲಿ ನಿಂತವಳು ನರಸಮ್ಮ. ಮದುವೆಯೇ ಇಲ್ಲ ಎಂದು ಎಲ್ಲರಿಗೂ ಗೊತ್ತಾದರೆ ಲೈನಿನ ಭಯ ಹೋಗುತ್ತದೆ, ಕಂತುಗಳು ಮತ್ತೆ ಬರುತ್ತವೆ, ಇವನು ಮೇಲೆಯೇ ಉಳಿಯುತ್ತಾನೆ ಎಂದು ಲೆಕ್ಕ ಹಾಕಿದಳು. ಅವನು ಜೀವದಿಂದಿದ್ದರೆ ಸಾಕು, ತನ್ನವನಾಗಬೇಕೆಂದಿಲ್ಲ. ಇಷ್ಟು ಯೋಚಿಸುವುದಕ್ಕೆ ಅವಳು ಪಟ್ಟ ಸಂಕಟ ದೇವರಿಗೇ ಗೊತ್ತು.

ನಲ್ಲಿಯ ಹತ್ತಿರ ಹೆಂಗಸರೆಲ್ಲ ಸೇರಿದ್ದ ಹೊತ್ತಿಗೆ, ಸೈಕಲ್ ಹಿಡಿದು ಬರುತ್ತಿದ್ದ ಅವನನ್ನು ತಡೆದು ಸೀರೆಯನ್ನು ಕೈಗಿಟ್ಟಳು.

"ಇದು ನಂಗೆ ಬ್ಯಾಡ. ಇನ್ಮ್ಯಾಲೆ ನಮ್ಮನೆ ಕಡೆ ಬರ್ಬೇಡಿ."

ಅವನು ಅವಳ ಕಣ್ಣಲ್ಲಿ ಏನೋ ಹುಡುಕಿದ. ಅವಳು ಕಣ್ಣು ಕೊಡಲಿಲ್ಲ. ಕೊಟ್ಟಿದ್ದರೆ ಅಲ್ಲೇ ಕೈ ಹಿಡಿದುಬಿಡುತ್ತಿದ್ದಳು.

ಆದರೆ ಭಯಕ್ಕೆ ತನ್ನದೇ ಲೆಕ್ಕವಿರುತ್ತದೆ. ನರಸಮ್ಮನೇ ಹೆದರಿ ಸೀರೆ ವಾಪಸು ಕೊಟ್ಟಳೆಂದರೆ ಮಾತು ನಿಜವೇ ಇರಬೇಕು ಎಂದು ಹೆಂಗಸರು ತೀರ್ಮಾನಿಸಿದರು. ಅಲ್ಲಿಯವರೆಗೆ ಕಂತು ಕಟ್ಟುತ್ತಿದ್ದ ಉಳಿದರ್ಧ ಮನೆಗಳೂ ನಿಲ್ಲಿಸಿದವು. ಅವಳ ಮೇಲೆ ಮರುಕಪಟ್ಟು ಎಲ್ಲರೂ ಒಂದೊಂದು ಪಾವು ಹಾಲು ಹೆಚ್ಚಿಗೆ ಹಾಕಿಸಿಕೊಂಡರು.

ಆಷಾಢದಲ್ಲಿ ಒಂದು ಮಧ್ಯಾಹ್ನ ಗಣಿಗಿಳಿಯುವ ಶಾಫ್ಟಿನ ಗೇಟಿನಿಂದ ಹೊರಬಂದವರ ನಡುವೆ ಕೋದಂಡಪ್ಪನನ್ನು ಕಂಡಳು. ಮೈಯೆಲ್ಲ ಕಲ್ಲಿನ ಧೂಳು, ಗುರುತು ಸಿಕ್ಕಿದ್ದು ನಡಿಗೆಯಿಂದ. ಲೈನಿನವರ ಕಣ್ಣೆದುರೇ ಅವನಿಗೆ ಅಡ್ಡ ನಿಂತಳು.

"ನೀವು ಇಳೀಬಾರ್ದು ಅಂತ್ಲೇ ನಾನು ಬ್ಯಾಡ ಅಂದಿದ್ದು. ಇಲ್ದಿದ್ರೆ ನೀವಂದ್ರೆ ನಂಗೆ ಪ್ರಾಣ."

"ಗೊತ್ತು," ಎಂದ ಅವನು. "ಉಟ್ಟಿದ್ರೂ ಇಳೀತಿದ್ದೆ ನರಸಮ್ಮ. ಮ್ಯಾಲೆ ಬಂದಾಗ ಓಗಾಕೆ ಒಂದು ಮನೆ ಇರ್ತಿತ್ತು, ಅಷ್ಟೇ."

ಹಾಗಾದರೆ ಈಗ ಉಡುತ್ತೇನೆ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅವನು ಬೇಡವೆಂದು ತಲೆಯಾಡಿಸಿದ.

"ಈಗ ನಾನು ಕೇಳಲ್ಲ. ಕೆಳಗೆ ಏನೈತೆ ಅಂತ ಕಣ್ಣಾರೆ ನೋಡೀನಿ. ನಿನ್ನನ್ನ ಎರಡ್ನೇ ಸಲ ಮುಂಡೆ ಮಾಡಾಕೆ ನನ್ ಕೈಲಾಗಲ್ಲ."

ಅವನು ಹೋದ ಮೇಲೂ ಅವಳು ಬಹಳ ಹೊತ್ತು ಅಲ್ಲೇ ಇದ್ದಳು.

ಈಗ ದಿನಾ ಅವನ ಪಾಳಿ ಮುಗಿಯುವ ಹೊತ್ತಿಗೆ ನರಸಮ್ಮ ಗೇಟಿನ ಆಚೆ ಬಂದು, ಗಂಡಂದಿರನ್ನು ಕಾಯುವ ಲೈನಿನ ಹೆಂಗಸರ ಸಾಲಿನಲ್ಲಿ ಕೊನೆಯವಳಾಗಿ ನಿಲ್ಲುತ್ತಾಳೆ. ಯಾರೂ ಏನೂ ಕೇಳುವುದಿಲ್ಲ, ಮಂಗಮ್ಮ ಸ್ವಲ್ಪ ಸರಿದು ಜಾಗ ಕೊಡುತ್ತಾಳೆ. ಅವನು ಮೇಲೆ ಬಂದದ್ದನ್ನು ನೋಡಿ, ಮಾತಾಡಿಸದೆ, ಮನೆಗೆ ಹೋಗುತ್ತಾಳೆ.