ಓಬಳಪ್ಪನ ಮಗಳ ಲ್ಯಾಪ್‌ಟಾಪ್

"ಇದು ನಿಮ್ಮನ್ನ ತನ್ನವರು ಅಂತ ಒಪ್ಪಾಕೆ ತಯಾರಿಲ್ಲ ನೋಡ್ರಿ," ಎಂದ ಅವನು.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಅವನು ಹೇಳಿದ್ದು ಲ್ಯಾಪ್‌ಟಾಪಿನ ಬಗ್ಗೆ. ನ್ಯಾಮತಿಯ ಬಸ್‌ಸ್ಟ್ಯಾಂಡ್ ರಸ್ತೆಯ ಆ ಪುಟ್ಟ ರಿಪೇರಿ ಅಂಗಡಿಯಲ್ಲಿ ಕೊಟ್ರೇಶ್ ಅವಳ ಹಳೇ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ತಲೆ ಎತ್ತಿದ. ಆ ನೋಟದಲ್ಲಿ ಯಾವ ಪ್ರಶ್ನೆಯೂ ಇರಲಿಲ್ಲ. ಎಷ್ಟು ದಿನವಾಗಿತ್ತು, ಪ್ರಶ್ನೆಯಿಲ್ಲದ ಕಣ್ಣುಗಳನ್ನು ಕಂಡು...

ಹೊನ್ನಾಳಿಯ ಒಂದು ಸ್ಟುಡಿಯೋಗೆ ಮದುವೆ ವಿಡಿಯೋ ಎಡಿಟ್ ಮಾಡಿಕೊಡುವುದು ಅವಳ ಕೆಲಸ. ಅವರ ಸಾಫ್ಟ್‌ವೇರ್ ಮ್ಯಾಕ್‌ನಲ್ಲಷ್ಟೇ ನಡೆಯುತ್ತದೆ. ಆಪಲ್ ಲ್ಯಾಪ್‌ಟಾಪ್ ಕೈಗೆಟುಕುವ ಮಾತಲ್ಲ. ಹಾಗಾಗಿ ಬೇರೆ ಕಂಪನಿಯ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೇ ಯಾರಿಂದಲೋ ಆಪಲ್‌ನವರ ಮ್ಯಾಕ್ ಓಎಸ್ ತಂತ್ರಾಂಶ ಹಾಕಿಸಿಕೊಂಡು ಬಂದಿದ್ದಳು. ವಿಡಿಯೋ ತಡವರಿಸುತ್ತಿತ್ತು. ಮದುಮಗಳ ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು.

ಕೊಟ್ರೇಶ್ ಬಿಡಿಸಿ ಹೇಳಿದ. ಆನ್ ಆಗುವಾಗ ಮ್ಯಾಕ್ ಓಎಸ್, ಯಂತ್ರದೊಳಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ಪಿನ ಐಡಿ, ಅಂದರೆ ಗುರುತಿನ ಸಂಖ್ಯೆ ಕೇಳುತ್ತದೆ. ತನ್ನ ಪಟ್ಟಿಯಲ್ಲಿರುವ ಐಡಿ ಸಿಕ್ಕದಿದ್ದರೆ ಚಿಪ್ ಎಷ್ಟೇ ಚೆನ್ನಾಗಿರಲಿ, ಕೆಲಸ ಕೊಡುವುದಿಲ್ಲ. ಪಟ್ಟಿಯಲ್ಲಿರುವ ಬೇರೊಂದು ಐಡಿಯನ್ನು ಇದರದ್ದೇ ಎಂದು ಬರೆದು ಕೊಡಬೇಕು.

"ಅಂದ್ರೆ... ಸುಳ್ಳು ಹೇಳ್ಬೇಕಾ?"

"ಒಂದೇ ಒಂದು. ಆಮೇಲೆ ಅದರಷ್ಟಕ್ಕೆ ಅದು ದುಡೀತೈತೆ."

ಆ ಒಂದೇ ಒಂದು ಸುಳ್ಳಿನ ಭಾರ ಅವಳಿಗೆ ಗೊತ್ತಿತ್ತು.

ಅವಳ ಹೆಸರು ದುರ್ಗಾಂಬಿಕಾ. ಊರು ಜಗಳೂರು. ಅಪ್ಪ ಓಬಳಪ್ಪ, ಮೆಕ್ಕೆಜೋಳ ಒಕ್ಕುವ ಯಂತ್ರದ ಜೊತೆ ಹಳ್ಳಿ ಹಳ್ಳಿ ತಿರುಗುವ ಮನುಷ್ಯ. ಭಾನುವಾರದ ಓದು ಬಳಗದಲ್ಲಿ ಅವಳು ಮಾತಿಗೆ ನಿಂತರೆ ಹೊಂಗೆಮರದ ಕೆಳಗೆ ಕೂತವರು ಅಲುಗಾಡುತ್ತಿರಲಿಲ್ಲ. ಅಂಥವಳು ಮೂರು ವಾರದ ಹಿಂದೆ, ಸ್ಟುಡಿಯೋಗೆ ಹತ್ತಿರವಾಗಲೆಂದು, ನ್ಯಾಮತಿಯಲ್ಲಿ ಬಾಡಿಗೆಗೆ ಕೋಣೆ ಹುಡುಕುತ್ತ ಸಾವಂತ್ರಮ್ಮನ ಮನೆಯ ಮುಂದೆ ನಿಂತಿದ್ದಳು. ಅದಾಗಲೇ ನಾಲ್ಕು ಮನೆಗಳಲ್ಲಿ ಇಲ್ಲ ಎನ್ನಿಸಿಕೊಂಡಿದ್ದಳು.

"ಯಾವ ಜನವ್ವ ನೀವು? ಅಪ್ಪನ ಹೆಸರೇನು?"

ಈ ನೆಲದಲ್ಲಿ ಕೋಣೆಯ ಬಾಗಿಲಿಗಿಂತ ಮೊದಲು ಈ ಪ್ರಶ್ನೆ ತೆರೆದುಕೊಳ್ಳುತ್ತದೆ. ಓಬಳಪ್ಪ ಎಂದರೆ ಸಾಕು, ಉಳಿದದ್ದನ್ನು ಅವರೇ ಲೆಕ್ಕ ಹಾಕಿಕೊಳ್ಳುತ್ತಾರೆ. ಅವಳ ನಾಲಿಗೆ ತಾನಾಗಿ ಹೊರಳಿತು. ತಾನು ಅಂಬಿಕಾ, ಅಪ್ಪ ರೇವಣ್ಣ, ಜನ ನಿಮ್ಮದೇ ಎಂದುಬಿಟ್ಟಳು. ಎಂಟಡಿ ಅಗಲದ ಒಂದು ಕೋಣೆಗಾಗಿ ಮಗಳೊಬ್ಬಳು ಅಪ್ಪನನ್ನೇ ಅಳಿಸಿ ಹಾಕಬೇಕೇನು? ಬೇಕಾಗಿತ್ತು. ಅಳಿಸಿದಳು.

ಆ ಸಾವಂತ್ರಮ್ಮ ಕೊಟ್ರೇಶನಿಗೆ ದೊಡ್ಡಮ್ಮ. ಅವನ ಅಂಗಡಿಯಿದ್ದ ಮಳಿಗೆಯೂ ಆಕೆಯದೇ.

ಕೆಲಸ ಒಂದೇ ದಿನಕ್ಕೆ ಮುಗಿಯಲಿಲ್ಲ. ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಬದಲಾಯಿಸುವುದು, ಆಫ್ ಮಾಡಿ ಆನ್ ಮಾಡುವುದು, ಕಾಯುವುದು. ಕಪ್ಪು ಪರದೆಯ ಮೇಲೆ ಬಿಳಿ ಗೆರೆಯೊಂದು ತೆವಳುತ್ತ ಮುಕ್ಕಾಲು ದಾರಿಗೆ ಬಂದು ನಿಂತುಬಿಡುತ್ತಿತ್ತು. ಮತ್ತೆ ಒಂದು ಸಾಲು. ಮತ್ತೆ ಗೆರೆ.

ಆ ಗೆರೆಯನ್ನು ಇಬ್ಬರೂ ಒಂದೇ ಉಸಿರಲ್ಲಿ ನೋಡುತ್ತಿದ್ದರು. ದಿನಾ ಸಂಜೆ. ಅವನು ಮಂಡಕ್ಕಿ ತರಿಸುತ್ತಿದ್ದ. ಮೆಣಸಿನಕಾಯಿ ಆರಿಸಿ ತನ್ನ ಕಡೆ ಇಟ್ಟುಕೊಳ್ಳುತ್ತಿದ್ದ, ಅವಳಿಗೆ ಖಾರ ಆಗದೆಂದು ಯಾರೂ ಹೇಳಿರದಿದ್ದರೂ. 'ಈ ಗೆರೆ ಇವತ್ತು ಪೂರ್ತಿಯಾಗದಿರಲಿ...' ಎಂದು ಅವಳ ಮನಸ್ಸು ಬೇಡಿಕೊಳ್ಳುತ್ತಿತ್ತು. 'ಅಂಬಿಕಾ ಅವರೇ' ಎಂದು ಅವನು ಕರೆದಾಗ ಮಾತ್ರ ಒಳಗೇನೋ ಚುಚ್ಚುತ್ತಿತ್ತು.

ಒಂದು ಸಂಜೆ ಗೆರೆ ಪೂರ್ತಿಯಾಯಿತು. ಆದರೆ ಮುಚ್ಚಳ ಮುಚ್ಚಿ ತೆರೆದರೆ ಪರದೆ ಕಗ್ಗತ್ತಲು. ಅವಳ ಮುಖ ಬಾಡಿತು. ಕೊಟ್ರೇಶ್ ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದ. ಕತ್ತಲೊಳಗೆ ಮದುಮಗಳ ಮುಖ ಮಸುಕಾಗಿ, ಇಡಿಯಾಗಿ ಇತ್ತು.

"ಚಿತ್ರ ಎಲ್ಲೂ ಹೋಗಿಲ್ಲ. ಬೆಳಕು ಬಂದಿಲ್ಲ ಅಷ್ಟೆ. ನಾಳೆ ನೋಡಾನ."

ಲ್ಯಾಪ್‌ಟಾಪನ್ನು ಅಲ್ಲೇ ಬಿಟ್ಟು ಹೋಗಿದ್ದ ಅವಳು ಮರುದಿನ ಬಂದಾಗ ಅಂಗಡಿಯಲ್ಲಿ ಸಾವಂತ್ರಮ್ಮನೂ ಚಹಾ ಹಿಡಿದು ಕೂತಿದ್ದಳು. ವಿಡಿಯೋ ನೀರಿನಂತೆ ಹರಿಯುತ್ತಿತ್ತು. ಅದು ಹೇಗೆ ಸರಿಹೋಯಿತೆಂದು ದೊಡ್ಡಮ್ಮ ಕೇಳಿದಳು. ಕೊಟ್ರೇಶ್ ಹುಮ್ಮಸ್ಸಿನಲ್ಲಿ ನಕ್ಕ.

"ಅಪ್ಪನ ಹೆಸರು ಬದಲಾಯಿಸಿ ಹೇಳ್ದೆ ದೊಡ್ಡಮ್ಮ. ನಮ್ಮದೇ ಜನ ಅಂತ ಒಳಗೆ ಕರ್ಕೊಂಡುಬಿಡ್ತು!"

ಸಾವಂತ್ರಮ್ಮ ಚಹಾ ಚೆಲ್ಲುವಂತೆ ನಕ್ಕಳು.

ದುರ್ಗಾಂಬಿಕಾಳ ಕಿವಿಯಲ್ಲಿ ಆ ನಗು ಕಾದ ಎಣ್ಣೆಯಾಯಿತು. 'ಗೊತ್ತಾಗಿದೆ... ಇಬ್ಬರಿಗೂ ಗೊತ್ತಾಗಿದೆ. ಇಷ್ಟು ದಿನ ಮಂಡಕ್ಕಿ ತಿನ್ನಿಸಿ ಆಟ ಆಡಿಸಿದ್ದು ಇದಕ್ಕಾ?' ಅವಳು ಲ್ಯಾಪ್‌ಟಾಪ್ ಮುಚ್ಚಿ ಎದೆಗವುಚಿಕೊಂಡಳು. ಅವನು ಹಿಂದಿನಿಂದ ಕೂಗಿದ. ತಿರುಗಿ ನೋಡಲಿಲ್ಲ. ಸಿಕ್ಕ ಬಸ್ಸು ಹತ್ತಿದಳು. ಹೊನ್ನಾಳಿ, ದಾವಣಗೆರೆ, ಬಿಳಿಚೋಡು ದಾಟಿ ಜಗಳೂರು ಬರುವವರೆಗೂ ಕಣ್ಣು ಒಣಗಲಿಲ್ಲ. ಅವನ ಫೋನನ್ನು ಎತ್ತಲಿಲ್ಲ.

ಎರಡು ದಿನ ಬರೀ ಗೋಡೆ ನೋಡಿದಳು. ಸಂಜೆಯಾದರೆ ಕೈ ಮಂಡಕ್ಕಿ ಪೊಟ್ಟಣ ಹುಡುಕುತ್ತಿತ್ತು. ಬೈಯಬೇಕೆಂದು ಅವನನ್ನು ನೆನೆದರೆ, ನೆನಪಾಗುತ್ತಿದ್ದುದು ಮೆಣಸಿನಕಾಯಿ ಆರಿಸುವ ಬೆರಳುಗಳು.

ಮೂರನೆಯ ದಿನ ಅಪ್ಪ ಅಂದ, "ದುರ್ಗಿ, ಕರೆಂಟ್ ಐತೆ. ನಿನ್ನ ಪೆಟ್ಟಿಗೆನಾರ ಚಾರ್ಜಿಗೆ ಹಾಕು."

ಮುಚ್ಚಳ ತೆರೆದಳು. ಕತ್ತಲು. ಟಾರ್ಚ್ ಹಿಡಿದಳು. ಪರದೆಯ ಮೂಲೆಯಲ್ಲಿ, ಅವಳು ಹಿಂದೆಂದೂ ನೋಡಿರದ ಹಳದಿ ಚೀಟಿಯೊಂದು ಮಸುಕಾಗಿ ಕಂಡಿತು. ಅವಳು ಅಂಗಡಿಗೆ ಬರುವ ಮೊದಲೇ, ಆ ಬೆಳಿಗ್ಗೆ ಕೊಟ್ರೇಶ್ ಯಂತ್ರದಲ್ಲೇ ಟೈಪ್ ಮಾಡಿಟ್ಟದ್ದು.

'ಅಂಬಿಕಾ ಅವರೇ, ನಿದ್ದೆಯಿಂದ ಎದ್ದಾಗ ಬೆಳಕು ಬಾರದಿರುವುದಕ್ಕೆ ಔಷಧ ನನಗೆ ಗೊತ್ತು. ಒಂದೇ ಸಾಲಿನ ಕೆಲಸ. ಬೇಕಂತಲೇ ಬಿಟ್ಟಿದ್ದೇನೆ. ಎಲ್ಲವೂ ಸರಿಹೋದರೆ ನೀವು ಅಂಗಡಿಗೆ ಯಾಕೆ ಬರುತ್ತೀರಿ? ತಪ್ಪಾಗಿದ್ದರೆ ಬೈಯಿರಿ. ಆದರೆ ಬಂದು ಬೈಯಿರಿ.'

ಅವನಿಗೆ ಏನೂ ಗೊತ್ತಿರಲಿಲ್ಲ! ಆ ನಗು ಯಂತ್ರದ ಕುರಿತದ್ದಷ್ಟೇ ಆಗಿತ್ತು...

ಸಂತೋಷ ಒಂದು ಗಳಿಗೆಯೂ ಉಳಿಯಲಿಲ್ಲ. ಈ ಚೀಟಿ ಬಂದದ್ದು ರೇವಣ್ಣನ ಮಗಳು ಅಂಬಿಕಾಳಿಗೆ. ಓಬಳಪ್ಪನ ಮಗಳಿಗೆ ಯಾರೂ ಏನೂ ಬರೆದಿರಲಿಲ್ಲ.

ಅವಳು ಅಪ್ಪನ ಬಳಿ ಕೂತು ಎಲ್ಲವನ್ನೂ ಹೇಳಿದಳು. ಓಬಳಪ್ಪ ಬಹಳ ಹೊತ್ತು ಟವೆಲಿನ ಧೂಳು ಕೊಡವುತ್ತಲೇ ಇದ್ದ.

"ಈ ರೇವಣ್ಣ ಯಾರು?"

"ಯಾರೂ ಇಲ್ಲ ಅಪ್ಪ."

"ಹಂಗಾದ್ರೆ ನಿನ್ನ ಅಪ್ಪ ನಾನೇ ಇರ್ತೀನಿ ಬಿಡು."

ಅವಳು ಅವನ ಮೊಣಕಾಲಿಗೆ ಹಣೆಯಿಟ್ಟು ಅತ್ತಳು.

ಮರುದಿನ ಮಧ್ಯಾಹ್ನ ನ್ಯಾಮತಿ. ಮೊದಲು ಸಾವಂತ್ರಮ್ಮನ ಪಡಸಾಲೆ. ನಿಜದ ಹೆಸರು, ನಿಜದ ಅಪ್ಪ, ನಿಜದ ಜನ. ಸಾವಂತ್ರಮ್ಮ ಬೈಯಲಿಲ್ಲ, ಎದುರಿಗಿಟ್ಟಿದ್ದ ನೀರಿನ ಲೋಟವನ್ನು ಒಳಗೆ ಒಯ್ದಳು. ಚನ್ನಗಿರಿಯಿಂದ ನೆಂಟರು ಬರುವವರಿದ್ದಾರೆ, ಕೋಣೆ ಬೇಕಾಗಿದೆ ಎಂದು ಮೆಲ್ಲಗೆ ಹೇಳಿದಳು. ಎಷ್ಟು ಮರ್ಯಾದಸ್ಥ ಕ್ರೌರ್ಯ! ಹತ್ತು ನಿಮಿಷದಲ್ಲಿ ಅವಳ ಬ್ಯಾಗು ಕಟ್ಟೆಯ ಮೇಲಿತ್ತು.

ಆ ಬ್ಯಾಗು ಹೊತ್ತೇ ಅಂಗಡಿಗೆ ನಡೆದಳು.

ಕೊಟ್ರೇಶ್ ಎದ್ದು ನಿಂತ. ಅವಳು ಕೂರಲಿಲ್ಲ.

"ನಿಮ್ಮ ಚೀಟಿ ಓದಿದೆ. ಅದು ಬೇರೆಯವರಿಗೆ ಬರೆದದ್ದು. ನಾನು ಓಬಳಪ್ಪನ ಮಗಳು. ದುರ್ಗಾಂಬಿಕಾ." ಜನ ಯಾವುದೆಂಬುದನ್ನೂ ಹೇಳಿದಳು. "ನಿಮ್ಮ ದೊಡ್ಡಮ್ಮನಿಗೆ ಹೇಳಿ ಬಂದೆ. ಈಗ ನಿಮಗೆ."

ಅವನು ಬ್ಯಾಗನ್ನು ನೋಡಿದ. ದೊಡ್ಡಮ್ಮನ ಮನೆಯ ಕಡೆ ನೋಡಿದ.

ಅವನು ಕೈ ಚಾಚಿದ್ದು ಲ್ಯಾಪ್‌ಟಾಪಿಗೆ. ಒಂದು ಸಾಲು ಬರೆದ. ಆಫ್ ಮಾಡಿ ಆನ್ ಮಾಡಿದ. ಗೆರೆ ತೆವಳಿತು. ಮುಚ್ಚಳ ಮುಚ್ಚಿ ತೆರೆದ.

ಬೆಳಕು ಬಂತು.

"ಚಿಪ್ಪಿನ ಐಡಿ ಹಂಗೇ ಇರ್ಲಿ, ಆ ಸುಳ್ಳಿಲ್ಲದೆ ಇದು ನಡೆಯಲ್ಲ," ಎಂದ. ಆಮೇಲೆ ಪರದೆಯ ಮೇಲೆ ಒಡತಿಯ ಹೆಸರಾಗಿದ್ದ 'ಅಂಬಿಕಾ ಆರ್.' ಅನ್ನು ಅಳಿಸಿ ಯಂತ್ರವನ್ನು ಅವಳ ಕಡೆ ತಿರುಗಿಸಿದ. "ಇದನ್ನ ನೀವೇ ಬರೀರಿ."

ಬರೆದಳು. ದುರ್ಗಾಂಬಿಕಾ ಓ.

ಅವನು ಸ್ಕ್ರೂಡ್ರೈವರ್‌ಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದ. ಅವಳಿಗೆ ಗಾಬರಿಯಾಯಿತು. ಅಂಗಡಿ ಬಿಟ್ಟು ಏನು ಮಾಡುತ್ತೀರಿ ಎಂದಳು. ತಾನು ಅವಳ ಪರ ನಿಂತದ್ದು ಗೊತ್ತಾದರೆ ದೊಡ್ಡಮ್ಮ ಸಂಜೆಯೊಳಗೆ ಬೀಗ ಹಾಕಿಸುವುದು ಖಂಡಿತ, ಅದಕ್ಕೆ ಮೊದಲು ತಾನೇ ಹಾಕುವುದು ಮೇಲು ಎಂದ. ಡಬ್ಬಿಯ ಮುಚ್ಚಳ ಒತ್ತಿದ.

"ಜಗಳೂರಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡೋರು ಎಷ್ಟು ಜನ ಅದಾರೆ?"

"ನಮ್ಮ ಬೀದೀಲಿ ಯಾರೂ ಇಲ್ಲ."

ಅವನು ಅವಳ ಬ್ಯಾಗನ್ನು ಹೆಗಲಿಗೇರಿಸಿಕೊಂಡ. ಮೆಟ್ಟಿಲ ಬಳಿ ಮೊದಲ ಬಾರಿಗೆ ಅವಳ ಬೆರಳು ಅವನ ಬೆರಳಿಗೆ ತಗುಲಿತು, ಹಾಗೇ ನಿಂತಿತು.

"ಕೊಟ್ರೇಶ್... ನಮ್ಮಪ್ಪನೂ ಕೇಳ್ತಾನೆ. ಯಾವ ಜನ ಅಂತ."

"ಏನ್ ಹೇಳ್ಲಿ?"

"ನಿಜ ಹೇಳ್ರಿ," ಎಂದಳು ಅವಳು. "ನಾನು ಪಕ್ಕದಲ್ಲೇ ಕೂತಿರ್ತೀನಿ."