ಕಿತ್ತು ಹಾಕಿದ ವಾಲ್ಯೂಮ್

ಇದು ಉಲ್ಹಾಸನಗರದ ನನ್ನ ರಿಪೇರಿ ಅಂಗಡಿಯಲ್ಲೇ ನಡೆದದ್ದು. ಐರೋಲಿಯ ಸುಂದರಿಯಕ್ಕ ತೀರಿಹೋದ ಗಂಡನ ಹಳೆಯ ಸ್ಟೀರಿಯೋ ತಂದಿದ್ದರು. ವಾಲ್ಯೂಮ್ ತಿರುಗಿಸಿದರೆ ಸಾಕು, ಸ್ಪೀಕರಿನಲ್ಲಿ ಕರಕರ ಸದ್ದು.

"ಹಾಡು ಜೋರಾದ್ರೆ ನಮ್ಮವರಿಗೆ ಆಗ್ತಿರ್ಲಿಲ್ಲ ಮಾರಾಯ್ರೆ. ತಿರುಗಿಸಿ ತಿರುಗಿಸಿ ಹಾಳು ಮಾಡಿದ್ದು," ಎಂದು ನಕ್ಕರು.

ಬೋರ್ಡಿನಿಂದ ಆ ವಾಲ್ಯೂಮ್ ಕಂಟ್ರೋಲ್ ಕಿತ್ತು ಹೊಸದನ್ನು ಸೋಲ್ಡರ್ ಮಾಡಿದೆ. ಹಳೆಯದನ್ನು ಡ್ರಾವರಿಗೆ ಹಾಕುವಾಗ ಅದು ಮನುಷ್ಯರ ಬೆರಳಿನಷ್ಟು ಬೆಚ್ಚಗಿತ್ತು. ಸೋಲ್ಡರಿನ ಬಿಸಿ ಇರಬೇಕೆಂದುಕೊಂಡೆ. ಮರುದಿನವೂ ಬೆಚ್ಚಗೇ ಇತ್ತು.

ನಿನ್ನೆ ಮಧ್ಯಾಹ್ನ ಅವರ ಫೋನ್ ಬಂತು. ಅವರ ಹಿಂದೆ ಅದೇ ಸ್ಟೀರಿಯೋದ ಹಾಡು ಕೇಳುತ್ತಿತ್ತು.

"ಈಗ ಕರಕರ ಇಲ್ಲ. ಆದ್ರೆ ಸೌಂಡು ತಾನಾಗಿಯೇ ಇಳೀತಾ ಉಂಟು. ನಾನು ಮುಟ್ಟಲೇ ಇಲ್ಲ."

ಫೋನಿನಲ್ಲಿ ಹಾಡು ಮೆಲ್ಲನೆ ಸಣ್ಣಗಾಯಿತು. ಕರಕರ ಸದ್ದು ಬರುತ್ತಿದ್ದದ್ದು ನನ್ನ ಮುಚ್ಚಿದ ಡ್ರಾವರಿನೊಳಗಿಂದ.