ಸಂಚಿಯೊಳಗಿನ ಸೂಜಿ

"ಕಣ್ಣು ಛಲೋ ಅದಾವಲ್ಲ ಅಜ್ಜಿ. ಏನೂ ದೋಷ ಕಾಣವಲ್ದು," ಎಂದು ಡಾಕ್ಟರ್ ಟಾರ್ಚ್ ಆರಿಸಿದರು.

ಶಾಂಭವಿಯ ಅಪ್ಪ ದೊಡ್ಡದಾಗಿ ಉಸಿರು ಬಿಟ್ಟರು. ವಿದ್ಯಾನಗರದ ಈ ಆಸ್ಪತ್ರೆಗೆ ಇದು ಮೂರನೆಯ ಸಲ. ಪ್ರತಿ ಸಲವೂ ಅರ್ಧ ದಿನ ರಜೆ, ಎರಡು ತಾಸು ಕಾಯುವುದು. ಮನೆಯಲ್ಲಿ ಅಜ್ಜಿಯ ಬಲಗಣ್ಣು ಕೆಂಪಾಗಿ, ಚುಚ್ಚಿ, ನೀರು ಸುರಿಯುತ್ತದೆ. ಇಲ್ಲಿಗೆ ಬಂದರೆ ಮಾತ್ರ ಏನೂ ಆಗೇ ಇಲ್ಲ ಎನ್ನುವಂತೆ ಇರುತ್ತದೆ. ಇನ್ನೊಮ್ಮೆ ಕರೆತರುವುದಿಲ್ಲ ಎಂದು ಅಪ್ಪ ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು.

"ನನಗ ಹಂಗ ಅನಸ್ತಿರಬೇಕು, ಬಿಡ್ರಿ," ಎಂದು ಅಜ್ಜಿ ಮೆಲ್ಲಗೆ ಎದ್ದರು. ತಮ್ಮ ನೋವನ್ನು ತಾವೇ ನಂಬದಷ್ಟು ಅವರಿಗೆ ಸಾಕಾಗಿತ್ತು. ಶಾಂಭವಿಗೆ ಅಳು ಬಂದಂತಾಯಿತು.

ಡಾಕ್ಟರೂ ದಣಿದಿದ್ದರು. ಆದರೂ, ಏನು ಮಾಡುವಾಗ ಹೀಗಾಗುತ್ತದೆ ಎಂದು ಕೇಳಿದರು. ಯಾವಾಗಲೂ ಆಗುತ್ತದೆ ಎಂದರು ಅಪ್ಪ.

ಯಾವಾಗಲೂ ಅಲ್ಲ. ಶಾಂಭವಿಗೆ ಗೊತ್ತಿತ್ತು. ಅಜ್ಜಿ ಹಳೆಯ ಸೀರೆಗಳನ್ನು ಜೋಡಿಸಿ ಹೊದೆಯುವ ಕೌದಿ ಹೊಲಿಯುತ್ತಾರೆ. ಸೂಜಿ ಪೋಣಿಸಿ ಕೊಡು ಎಂದು ಕರೆದಾಗಲೆಲ್ಲ ಇವಳು ಹೋಮ್‌ವರ್ಕ್ ಐತಿ ಎನ್ನುತ್ತಿದ್ದಳು. ಮೊಬೈಲ್ ನೋಡುತ್ತಿದ್ದರೂ ಹಾಗೇ ಎನ್ನುತ್ತಿದ್ದಳು. ಆಗ ಅಜ್ಜಿ ತಾವೇ ಒದ್ದಾಡಿ ಪೋಣಿಸುತ್ತಿದ್ದರು. ಕಣ್ಣು ಕೆಂಪಾಗುತ್ತಿದ್ದುದು ಆಗಲೇ.

"ಅಜ್ಜಿ, ಸಂಚ್ಯಾಗ ಸೂಜಿ ಐತಲ್ಲ? ಇಲ್ಲೇ ಪೋಣಿಸು."

ಅಪ್ಪ ಗದರಲು ಹೊರಟರು. ಡಾಕ್ಟರ್ ಕೈ ಎತ್ತಿ ತಡೆದರು.

ಎಲೆ-ಅಡಿಕೆಯ ಸಂಚಿಯಿಂದ ಅಜ್ಜಿ ಸೂಜಿ, ದಾರ ತೆಗೆದರು. ದಾರ ಸೂಜಿಯ ಪಕ್ಕಕ್ಕೆ ಹೋಯಿತು. ಕಣ್ಣನ್ನು ಬಿಗಿಯಾಗಿ ಮುಚ್ಚಿ, ತೆರೆದು, ಮತ್ತೆ ನೋಡಿದರು. ಮೂರನೆಯ ಸಲ ಕಣ್ಣು ತೆರೆದಾಗ ಬಲಗಣ್ಣಿನ ಕೆಳರೆಪ್ಪೆ ಒಳಕ್ಕೆ ಹೊರಳಿತ್ತು. ರೆಪ್ಪೆಯ ಕೂದಲು ಕಣ್ಣಿಗೆ ತಾಗಿ ನೀರು ಇಳಿಯಿತು.

"ಈಗ ಸಿಕ್ತು ನೋಡ್ರಿ," ಎಂದರು ಡಾಕ್ಟರ್. "ವಯಸ್ಸಾದಂಗ ರೆಪ್ಪಿ ಸಡಲಾಗ್ತೈತಿ. ಬಿಗಿಯಾಗಿ ಮುಚ್ಚಿದ್ರ ಒಳಗ ಹೊರಳ್ತೈತಿ, ಆಮ್ಯಾಲೆ ತಾನ ಸರಿ ಆಗ್ತೈತಿ. ಅದಕ್ಕ ನಮಗ ಕಂಡಿಲ್ಲ. ನೀವು ಖರೇನ ಹೇಳಿದ್ರಿ, ಅಜ್ಜಿ."

ಸಣ್ಣ ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಎಂದರು. ಅಪ್ಪ ಬಾಗಿಲ ಹೊರಗಿದ್ದ ಅಜ್ಜಿಯ ಚಪ್ಪಲಿ ತಂದು ಅವರ ಕಾಲ ಬಳಿ ಇಟ್ಟರು.

ಮನೆಗೆ ಬಂದು ಅಜ್ಜಿ ಸುಸ್ತಾಗಿ ಮಲಗಿದರು. ಎದ್ದು ನೋಡಿದರೆ ಕೌದಿಯ ಅಂಚಿನಲ್ಲಿ ಒಂಬತ್ತು ಸೂಜಿಗಳು ಒಂದರ ಪಕ್ಕ ಒಂದು ಚುಚ್ಚಿಕೊಂಡಿದ್ದವು, ಎಲ್ಲಕ್ಕೂ ಉದ್ದುದ್ದ ದಾರ. ಶಾಂಭವಿ ಹತ್ತನೆಯದನ್ನು ಪೋಣಿಸುತ್ತಿದ್ದಳು.

"ಇಷ್ಟ್ಯಾಕವ್ವಾ?"

"ನಾ ಸಾಲಿಗೆ ಹೋದಾಗ ಬೇಕಾಗ್ತಾವ."